ತೊಟ್ಟಿಲಲ್ಲಿ ಮೊದಲು ಮಲಗಿದವರು

ಶಿಬಿರದ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಒಂದು ಮಂಗಳವಾರ, ಎರಡನೆಯ ಚಹಾದ ಹೊತ್ತಿಗೆ. ಕಲಘಟಗಿ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಂಸ್ಥೆ ಇದೆ. ಕಾಡಂಚಿನ ಹಳ್ಳಿಗಳ ಮಕ್ಕಳಿಗೆ ಸಂಜೆ ಪಾಠ ಹೇಳಿಸುವುದು ನಮ್ಮ ಕೆಲಸ. ಒಟ್ಟು ಹನ್ನೊಂದು ಜನ. ಅವರಲ್ಲಿ ಸಿದ್ದಿಯವಳು ನಾನೊಬ್ಬಳೇ. ದೆಹಲಿಯ ದಾನಿಗಳು ಕಳಿಸಿದ ಪತ್ರವನ್ನು ನಮ್ಮ ನಿರ್ದೇಶಕರಾದ ಗೌರೀಶ ಸರ್ ಓದಿ ಮುಗಿಸಿದಾಗ ಹತ್ತೂ ಜನ ನನ್ನ ಕಡೆ ನೋಡಿದರು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂದು ಕೇಳುವ ಪ್ರಸಂಗವೇ ಬರಲಿಲ್ಲ.

ಪತ್ರದಲ್ಲಿ ಇದ್ದದ್ದು ಇಷ್ಟು. ಅವರ ನೆರವು ಪಡೆಯುವ ಪ್ರತಿಯೊಂದು ಸಂಸ್ಥೆಯ ಸಿಬ್ಬಂದಿ ಎರಡು ದಿನ ಒಂದೆಡೆ ಕೂಡಿ, ತಮ್ಮ ಭಾಗದಲ್ಲಿ ಬಣ್ಣ ಮತ್ತು ಕುಲದ ಹೆಸರಿನಲ್ಲಿ ನಡೆದುಹೋದದ್ದನ್ನು ಕಣ್ಣಿಟ್ಟು ನೋಡಬೇಕು. ನೋಡಿದ್ದಕ್ಕೆ ಫೋಟೊ ಮತ್ತು ವರದಿ ಕಳಿಸಬೇಕು.

"ನಿಲೋಫರ, ನೀನ ಪ್ಲ್ಯಾನ್ ಮಾಡವಾ," ಎಂದರು ಸರ್. "ಇದು ನಿಮ್ಮ ಇತಿಹಾಸ. ನಾವು ಮೂಗ ತೂರಿಸೂದು ಛಲೋ ಅಲ್ಲ."

"ನಮ್ಮೊಬ್ಬರದ ಏನ್ರಿ ಸರ್? ಎರಡೂ ಕಡಿಯವರದಲ್ರಿ?"

"ಹೌದು ಹೌದು. ಅದನ್ನೂ ಅದರೊಳಗ ಹಾಕು."

ಗೌರೀಶ ಸರ್ ಒಳ್ಳೆಯ ಮನುಷ್ಯ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಧಾರವಾಡದಲ್ಲಿ ನನಗೆ ಹಾಸ್ಟೆಲ್ ಸಿಗದೆ ಮೂರು ದಿನ ಅಲೆದಾಗ ತಾವೇ ಬಂದು ವಾರ್ಡನ್ ಮುಂದೆ ಒಂದು ತಾಸು ನಿಂತವರು. ದನಿ ಎತ್ತಿ ಮಾತಾಡಿದವರಲ್ಲ. ಇಂಥವರ ಕೈಕೆಳಗೆ ಇದ್ದರೆ ಒಂದು ತೊಂದರೆ, ಸಿಟ್ಟು ಬಂದರೆ ಅದನ್ನು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ. ನಾನು ಆ ಸಿಟ್ಟನ್ನೆಲ್ಲ ಪ್ರತಾಪನ ಮೇಲೆ ಹಾಕುತ್ತೇನೆ. ಪ್ರತಾಪ ನಮ್ಮಲ್ಲಿ ತರಬೇತಿ ನೋಡುವವನು, ಬ್ಯಾನರ್ ಇಲ್ಲದೆ ಊಟಕ್ಕೂ ಕೂಡುವವನಲ್ಲ.

"ಒಬ್ಬರು ಹಿರೇರು ಬೇಕ್ರಿ ಮೇಡಂ," ಎಂದ ಪ್ರತಾಪ. "ಅನುಭವ ಹೇಳಾಕ. ಹೇಳಿಸಿ, ಶಾಲು ಹೊಚ್ಚಿ, ಹಣ್ಣು ಕೊಟ್ಟು ಸನ್ಮಾನ ಮಾಡಿಬಿಡೂಣು. ಸಂಜೀ ಮುಂದ ನಿಮ್ಮವರದ ಡಮಾಮಿ ಕುಣಿತ ಇಟ್ರ ಎಲ್ಲಾರೂ ಒಂದೀಟು ಹಗುರ ಆಗ್ತಾರ."

ನಮ್ಮ ಕಡೆ ಯಾವ ಸಂಕಟಕ್ಕೂ ಕೊನೆಯಲ್ಲಿ ಒಂದು ಶಾಲು ಹೊದಿಸದಿದ್ದರೆ ಕಾರ್ಯಕ್ರಮ ಮುಗಿದಂತಾಗುವುದಿಲ್ಲ. ನಾನು ಸುಮ್ಮನೆ ಬರೆದುಕೊಂಡೆ. ಬೆಳಿಗ್ಗೆ ಹತ್ತಕ್ಕೆ ಪರಿಚಯದ ಆಟ. ಹನ್ನೊಂದಕ್ಕೆ ಸಿದ್ದಿಗಳು ಎಲ್ಲಿಂದ ಬಂದರು. ಹನ್ನೆರಡಕ್ಕೆ ಹಿರಿಯರ ಅನುಭವ, ಸನ್ಮಾನ. ಒಂದಕ್ಕೆ ಊಟ. ಸಂಜೆ ಆರೂವರೆಗೆ ಡಮಾಮಿ, ಹಗುರ ಆಗುವುದು.

ಎಲ್ಲಿಂದ ಬಂದರು ಎಂಬುದಕ್ಕೆ ಒಂದು ತಾಸು ಜಾಸ್ತಿಯಾಯಿತು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ಗೋವಾಕ್ಕೆ ತಂದು ಮಾರಿದರಂತೆ. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರಂತೆ. ಕಾಡಿನಿಂದ ಇಳಿದವರು ದೊಡ್ಡವರ ಮನೆಗಳಲ್ಲಿ ಜೀತಕ್ಕೆ ನಿಂತರಂತೆ. ಮೂರು 'ಅಂತೆ' ಹೇಳಲು ಐದು ನಿಮಿಷ ಸಾಕು.

ಆಗ ಸರ್ ಜಾಗದ ಮಾತು ತೆಗೆದರು. "ಹೊರಗ ಹಾಲ್ ಯಾಕ? ನಮ್ಮ ವಾಡೇದಾಗ ಮಾಡೂಣು. ನಮ್ಮ ಮನಿಯೊಳಗೂ ನಿಮ್ಮ ಮಂದಿ ದುಡದಾರ. ನಾನೂ ಅವತ್ತ ಮಾತಾಡವ ಇದ್ದೇನಿ. ಕ್ಷಮಾ ಕೇಳೂದಿದ್ರ ಆ ಮನ್ಯಾಗ ನಿಂತ ಕೇಳಬೇಕು." ಇಷ್ಟು ಹೇಳುವಾಗ ಅವರ ಕಣ್ಣು ಒದ್ದೆಯಾದವು. ಮಿಶ್ರಿಕೋಟಿ ದಾಟಿ ಎರಡು ಮೈಲಿ ಹೋದರೆ ಅವರ ಊರು, ಊರ ನಡುವೆ ಅವರ ಹಿರಿಯರು ಕಟ್ಟಿಸಿದ ವಾಡೆ. ಅಲ್ಲಿ ಈಗ ಅವರ ತಾಯಿ ಶಿವಗಂಗವ್ವ ಮತ್ತು ಚಿಕ್ಕಪ್ಪನ ಮಕ್ಕಳ ಸಂಸಾರ ಇದೆ. "ನಿಮ್ಮ ದಾದೀನ ಕರಕೊಂಡ ಬಾ," ಎಂದರು. "ಹಸನಬಿ ಅಂದ್ರ ನಮ್ಮ ಅವ್ವ ಇನ್ನೂ ನೆನಸ್ತಾಳ."

ದಾದಿ ಎಂದರೆ ನನ್ನ ಅಪ್ಪನ ತಾಯಿ. ಅವಳು ಮತ್ತು ತೀರಿಹೋದ ನನ್ನ ದಾದಾ ದಾವೂದಸಾಬ ಆ ವಾಡೆಯಲ್ಲಿ ಆಳಾಗಿದ್ದರು ಎಂಬಷ್ಟು ನನಗೆ ಗೊತ್ತಿತ್ತು. ಆ ಊರಿನ ದಾರಿಯನ್ನು ಕೂಡ ಅವಳು ತುಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಆ ಕಡೆ ಮದುವೆ ಇದ್ದರೆ ಅವಳಿಗೆ ಮೊಣಕಾಲು ನೋಯುತ್ತಿತ್ತು. ಹಾಗಾಗಿ ಹಿರಿಯರು ಎಂಬಲ್ಲಿ 'ಖಚಿತವಿಲ್ಲ' ಎಂದು ಬರೆದು ಮನೆಗೆ ಹೋದೆ.

ದಾದಿ ಕಟ್ಟೆಯ ಮೇಲೆ ಹಳೆಯ ಸೀರೆಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ನಾನು ನಗುತ್ತಲೇ ಹೇಳಿದೆ, ಶಾಲಿನ ಮಾತನ್ನೂ ಸೇರಿಸಿ.

"ಶಿವಗಂಗವ್ವ ಇನ್ನೂ ಅದಾಳನ?" ಎಂದು ಕೇಳಿದಳು.

"ಅದಾಳಂತ. ಸೊಂಟ ಹೋಗೈತಿ, ಮಾತು ಗಟ್ಟಿ ಐತಂತ."

"ಹಂಗಾರ ಬರ್ತೇನಿ."

ನಾನು ದಂಗಾದೆ. ಅವಳು ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟಳು. ಆಮೇಲೆ ಹೇಳಿದಳು. ಸಂತೆಯಲ್ಲಿ ಏನೇನು ತಂದೆ ಎಂದು ಹೇಳುವ ದನಿಯಲ್ಲಿಯೇ ಹೇಳಿದಳು.

ಹೆಸರಿಡುವ ದಿನ ಹೊಸ ತೊಟ್ಟಿಲಲ್ಲಿ ಮೊದಲು ಕೂಸನ್ನು ಹಾಕುವುದಿಲ್ಲ. ಗುಂಡುಕಲ್ಲಿಗೆ ಕುಲಾಯಿ ತೊಡಿಸಿ, ಕಾಡಿಗೆ ಹಚ್ಚಿ ಅದನ್ನು ಮಲಗಿಸುತ್ತಾರೆ. ಕಾದು ಕುಳಿತ ಪೀಡೆ ಏನಿದ್ದರೂ ಕಲ್ಲಿಗೆ ತಾಗಿ ಹೋಗಲಿ ಎಂದು. ಇದನ್ನು ನಾನೂ ಹತ್ತು ಮನೆಗಳಲ್ಲಿ ನೋಡಿದ್ದೇನೆ, ಕಲ್ಲಿಗೆ ಜೋಗುಳ ಹಾಡುವಾಗ ನಕ್ಕಿದ್ದೇನೆ. ಆ ವಾಡೆಯವರಿಗೆ ಮಾತ್ರ ಕಲ್ಲಿನ ಮೇಲೆ ನಂಬಿಕೆ ಇರಲಿಲ್ಲವಂತೆ. ಹಿಂದೆ ಯಾವಾಗಲೋ ಕಲ್ಲು ಹಾಕಿದರೂ ಎರಡು ಕೂಸು ಹೋಗಿದ್ದವು. ಅಂದಿನಿಂದ ಅವರು ಕಲ್ಲಿನ ಜಾಗದಲ್ಲಿ ಸಿದ್ದಿಯ ಕೂಸನ್ನು ಹಾಕುತ್ತಿದ್ದರು. ಮೂರು ದಿನ. ಬೇರೆ ಯಾವ ಮನೆಯಲ್ಲಾದರೂ ಹೀಗಿತ್ತೋ ಇಲ್ಲವೋ ದಾದಿಗೆ ಗೊತ್ತಿಲ್ಲ. ಅವಳು ಇದ್ದದ್ದು ಆ ಒಂದು ಮನೆಯಲ್ಲಿ.

"ಬ್ಯಾರೆ ಆಳಮಕ್ಕಳ ಕೂಸು ಯಾಕ ಅಲ್ಲ?" ಎಂದೆ.

"ಕೂಸಿನ ಕಾಲಿಗೆ ಕರೀ ದಾರ ಯಾಕ ಕಟ್ತಾರ? ಹಂಗ. ಅವರಿಗೆ ನಾವು ಕರೀ ದಾರ."

ಶಿವಗಂಗವ್ವನಿಗೆ ಗಂಡು ಕೂಸು ಹುಟ್ಟಿದಾಗ ದಾದಿಗೆ ಇಪ್ಪತ್ತೆರಡು. ಅವಳ ಚೊಚ್ಚಲ ಮಗ ಇಲಿಯಾಸನಿಗೆ ಮೂರು ತಿಂಗಳು. ಇಲಿಯಾಸನಿಗೆ ಎಣ್ಣೆ ಹಚ್ಚಿ ಎರೆದು, ಅವಳ ಕೈಯಿಂದಲೇ ಇಸಿದುಕೊಂಡು ಒಳಗೆ ಒಯ್ದರು. ಮೂರು ದಿನ ತಾಯಿ ಮುಟ್ಟಬಾರದು. ಮುಟ್ಟಿ ಹಾಲು ಕೊಟ್ಟರೆ ಹಾಲಿನ ಸಂಗಡ ಪೀಡೆ ಹೊರಗೆ ಬಂದು ಮತ್ತೆ ಮನೆಯಲ್ಲಿ ತಿರುಗುತ್ತದೆ ಎಂದು. ಆಕಳ ಹಾಲಿನಲ್ಲಿ ಬತ್ತಿ ಅದ್ದಿ ಚೀಪಿಸಿದರಂತೆ. ದಾದಿ ಹಿತ್ತಲ ಗೋಡೆಯ ಹೊರಗೆ ನಿಂತಿದ್ದಳು, ಹಾಲು ಸೋರಿ ಕುಪ್ಪಸ ಒದ್ದೆಯಾಗಿತ್ತು. ಮೊದಲ ದಿನ ಅಳುವುದು ಕೇಳಿಸಿತು. ಎರಡನೆಯ ದಿನ ಕಡಿಮೆ ಕೇಳಿಸಿತು. ಮೂರನೆಯ ದಿನ ಒಬ್ಬ ಆಳು ಬಂದು, ಕೂಸು ಹೋಯಿತು, ಮಣ್ಣು ಮಾಡಿ ಬಂದೆವು ಎಂದ. ಒಂದು ಸೀರೆ, ಒಂದು ಚೀಲ ಅಕ್ಕಿ ಕೊಟ್ಟರು. ಮರುದಿನ ವಾಡೆಯಲ್ಲಿ ಹೆಸರಿಡುವ ಊಟ ನಡೆಯಿತು. ಊಟದ ಭತ್ತ ಕುಟ್ಟಿದವಳು ಅವಳೇ. ತಿಂಗಳೊಳಗೆ ಗಂಡನನ್ನು ಎಬ್ಬಿಸಿಕೊಂಡು ಈ ಕಡೆ ಬಂದುಬಿಟ್ಟಳು.

ಆ ಗಂಡು ಕೂಸು ಗೌರೀಶ ಸರ್. ಇದಕ್ಕೆ ಲೆಕ್ಕ ಹಾಕಬೇಕಾಗಿರಲಿಲ್ಲ, ಶಿವಗಂಗವ್ವನಿಗೆ ಒಬ್ಬನೇ ಮಗ.

"ಎಲ್ಲಿ ಹುಗದಾರ ಅಂತ ಕೇಳಬೇಕು," ಎಂದಳು ದಾದಿ. "ಅಷ್ಟ. ಶಬೆ ಬರಾತ್ ಬಂತಂದ್ರ ನಿಮ್ಮ ದಾದಾಂದು, ನಮ್ಮ ಅತ್ತೀದು, ಎಲ್ಲಾರ ಹೆಸರಲೇ ಖಬರಸ್ತಾನದ ಗ್ವಾಡಿ ಬಾಜು ನಿಂತ ಫಾತಿಹಾ ಓದತೇನಿ. ಅವಂದು ಓದಾಕ ಯಾವ ಕಡೆ ಮಾರಿ ಮಾಡಿ ನಿಂದರಲಿ? ನಾ ಹೋಗೂದರೊಳಗ ಒಮ್ಮೆ ಅವನ ಮುಂದ ನಿಂತ ಓದಬೇಕು."

"ಇಷ್ಟ ವರ್ಷ ಯಾಕ ಕೇಳಲಿಲ್ಲ?"

"ಆಳಾಗಿ ಹೋಗಿ ಕೇಳಾಕ ಬರತೈತೇನ? ಈಗ ಅವರ ಕರ್ಯಾಕತ್ತಾರಲ್ಲ."

"ನನಗರೆ ಹೇಳಬೇಕಿಲ್ಲ?"

"ಅವನ ಕೈಯಾಗ ನೌಕರಿ ಮಾಡ್ತಿ. ಹೇಳಿದ್ರ ನಿನಗ ಅನ್ನ ಇಳೀತಿತ್ತೇನ?"

ಆ ದಿನ ನಾನು ಎರಡು ರೊಟ್ಟಿ ತಿಂದೆ. ಸಲೀಸಾಗಿ ಇಳಿದವು. ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟಾದರೂ ಬರಬಹುದು ಎಂದು ಕಾದೆ. ಇಂಜೆಕ್ಷನ್ ಕೊಟ್ಟು ಹಲ್ಲು ಕೀಳುವಾಗ ದವಡೆ ಹೇಗಿರುತ್ತದೆಯೋ ಹಾಗಿತ್ತು ಒಳಗೆ. ಏನೋ ಎಳೆಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಅಷ್ಟೇ.

ಮರುದಿನ ಸರ್ ಮುಂದೆ ಎರಡು ಸಲ ಬಾಯಿ ತೆರೆದೆ. ಒಮ್ಮೆ ಅವರು ಪರಿಚಯದ ಆಟಕ್ಕೆ ಬಣ್ಣದ ಚೀಟಿ ಬೇಡ, ಬಣ್ಣ ಎಂದರೆ ತಪ್ಪು ತಿಳಿದಾರು ಎಂದು ಪ್ರತಾಪನಿಗೆ ಹೇಳುತ್ತಿದ್ದರು. ಇನ್ನೊಮ್ಮೆ ತಮ್ಮ ಭಾಷಣದ ಮೊದಲ ಪುಟ ನನ್ನ ಕೈಗೆ ಕೊಟ್ಟು, ಓದಿ ನೋಡವಾ, ಎಲ್ಲಿಯಾದರೂ ನಿಮ್ಮವರಿಗೆ ನೋವಾಗುವ ಹಾಗೆ ಇದೆಯೇನು ನೋಡು ಎಂದರು. 'ನಮ್ಮ ಮನೆಯಲ್ಲಿ ಸಿದ್ದಿಗಳನ್ನು ಮನೆಮಕ್ಕಳಂತೆ ಕಂಡರೂ' ಎಂದು ಶುರುವಾಗಿತ್ತು. ನಾನು ಒಂದು ಅಲ್ಪವಿರಾಮ ತಿದ್ದಿ ವಾಪಸು ಕೊಟ್ಟೆ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಮೊದಲೇ ಹೇಳಿದರೆ ಅವರು ಮನೆಗೆ ಹೋಗಿ ತಾಯಿಯನ್ನು ಕೇಳುತ್ತಾರೆ. ಚಿಕ್ಕಪ್ಪನ ಮಕ್ಕಳು ಸೇರುತ್ತಾರೆ. ಹಿರಿಯರು ಕಿರಿಯರು ಕೂಡಿ, ಹಂಗೇನೂ ಇರಲಿಲ್ಲ ಎಂದು ಒಂದು ಉತ್ತರ ತಯಾರಾಗುತ್ತದೆ. ದಾದಿಗೆ ಬೇಕಾದದ್ದು ನ್ಯಾಯ ಅಲ್ಲ, ಕ್ಷಮೆಯೂ ಅಲ್ಲ, ಒಂದು ಜಾಗ. ಆ ಜಾಗ ಬಲ್ಲವಳು ಭೂಮಿಯ ಮೇಲೆ ಒಬ್ಬಳೇ ಮುದುಕಿ. ಶಿಬಿರದ ದಿನ ಹನ್ನೊಂದು ಜನರ ಮುಂದೆ, ಶಾಲು ಹೊದ್ದುಕೊಂಡು ಕೇಳುವ ಪ್ರಶ್ನೆಯೂ ಅಲ್ಲ ಅದು. ಹಾಗಾಗಿ ಶನಿವಾರ ವಾಡೆ ನೋಡಲು ಹೋಗುವಾಗ ದಾದಿಯನ್ನೂ ಕರೆದುಕೊಂಡು ಬರುತ್ತೇನೆ ಎಂದಷ್ಟೇ ಹೇಳಿದೆ. ಸರ್‌ಗೆ ಬಹಳ ಸಂತೋಷವಾಯಿತು.

ಶನಿವಾರ ಅವರೇ ಕಾರು ತಂದರು. ದಾದಿಯನ್ನು ಮುಂದೆ ಕೂಡಿಸಿದರು. ನಾನು, ಪ್ರತಾಪ ಹಿಂದೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ಗೋವಿನಜೋಳ, ನಡುವೆ ಕಬ್ಬು. ದಾದಿ ತಲೆಯ ಮೇಲಿನ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದಳು.

"ಹಸನಬಿ ಅಮ್ಮಾರ, ನೀವು ನನ್ನ ಎತ್ತಿ ಆಡಿಸೀರಿ ಅಂತ ಅವ್ವ ಹೇಳ್ತಿರ್ತಾಳ," ಎಂದರು ಸರ್.

"ಇಲ್ರಿಯಪ್ಪಾ," ಎಂದಳು ದಾದಿ. "ನಾ ಎತ್ತಿಲ್ಲ."

ಸರ್ ನಕ್ಕರು. ವಯಸ್ಸಾದವರಿಗೆ ಮರೆವು ಎಂದು ತಿಳಿದಿರಬೇಕು.

ವಾಡೆ ದೊಡ್ಡದು. ಮುಂಬಾಗಿಲು ದಾಟಿದರೆ ಅಂಗಳ, ಅಂಗಳದ ಆಚೆ ಪಡಸಾಲೆ. ಪ್ರತಾಪ ಟೇಪು ತೆಗೆದು ಪರದೆ ಎಲ್ಲಿ ಕಟ್ಟಬೇಕು ಎಂದು ಅಳೆಯತೊಡಗಿದ. ಹನ್ನೊಂದು ಜನಕ್ಕೆ ಪಾಯಖಾನೆ ಎರಡು ಸಾಕೇ ಎಂದು ಕೇಳಿದ. ಪಡಸಾಲೆಯ ತೊಲೆಗೆ ಹಿತ್ತಾಳೆಯ ಸರಪಳಿಯಲ್ಲಿ ಒಂದು ತೊಟ್ಟಿಲು ತೂಗಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲು. ಕೆಂಪು ಹಳದಿ ಇನ್ನೂ ಹೊಳೆಯುತ್ತಿದ್ದವು, ಅಂಚಿನಲ್ಲಿ ಗಿಳಿ ಬಳ್ಳಿ ಬರೆದಿದ್ದರು.

"ನಾ ಮಲಗಿದ್ದ ತೊಟ್ಟಲಾ ಇದು," ಎಂದರು ಸರ್. "ಬಣ್ಣ ನೋಡ್ರಿ, ಐವತ್ತ ವರ್ಷ ಆದ್ರೂ ಹೋಗಿಲ್ಲ."

"ಭಾರಿ ಐತ್ರಿ ಸರ್," ಎಂದ ಪ್ರತಾಪ. "ಇದರ ಹಿಂದ ಬ್ಯಾನರ್ ಕಟ್ಟೂಣ್ರಿ. ಫೋಟೊದಾಗ ಛಲೋ ಬರತೈತಿ."

ದಾದಿ ತೊಟ್ಟಿಲ ಕಡೆ ನೋಡಲಿಲ್ಲ. ಗೋಡೆಗೆ ಹಚ್ಚಿದ ಮಂಚದ ಮೇಲೆ ಶಿವಗಂಗವ್ವ ಕುಳಿತಿದ್ದಳು. ಹಣೆ ತುಂಬ ವಿಭೂತಿ, ತೆಳ್ಳನೆಯ ಜೀವ, ಚುರುಕು ಕಣ್ಣು. ದಾದಿಯನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಹಸನಿ ಏನ? ಬಾಬೇ. ಎಷ್ಟ ಸೊರಗೀದಿ! ದಾವೂದ ಹೋದನಂತಲ್ಲ."

"ಹೋದ್ರಿ ಅವ್ವಾರ. ಹದಿನೈದ ವರ್ಷಾತು."

ಸರ್ ಕುರ್ಚಿ ತಂದಿಟ್ಟರು. ದಾದಿ ಕುರ್ಚಿಯನ್ನು ನೋಡಿ, ನೆಲದ ಮೇಲೆ ಕೂತಳು. ಸರ್‌ಗೆ ಸಂಕಟವಾಯಿತು, ಮೇಲೆ ಕುಂದರ್ರಿ ಎಂದು ಎರಡು ಸಲ ಹೇಳಿದರು. ಅವಳಿಗೆ ಕುರ್ಚಿಯ ಹಂಗೇ ಇರಲಿಲ್ಲ. ಮಂಚದ ಮೇಲಿನವಳ ಮುಖ ಸರಿಯಾಗಿ ಕಾಣುವ ಜಾಗ ಅದಾಗಿತ್ತು.

ಚಹಾ ಬಂತು. ಇಬ್ಬರೂ ಮುದುಕಿಯರು ಮೊಣಕಾಲು, ಕಣ್ಣಿನ ಪೊರೆ, ಸೊಸೆಯರು ಎಂದು ಒಂದಿಷ್ಟು ಮಾತಾಡಿದರು. ಚಹಾ ಮುಗಿಸಿ ಬಸಿಯನ್ನು ಬಾಜು ಸರಿಸಿ ದಾದಿ ಕೇಳಿದಳು.

"ಅವ್ವಾರ, ಒಂದ ಮಾತ ಕೇಳಾಕ ಬಂದೇನ್ರಿ. ನನ್ನ ಕೂಸನ್ನ ಎಲ್ಲಿ ಮಣ್ಣ ಮಾಡಿದ್ರಿ?"

ನಾನು ಶಿವಗಂಗವ್ವನ ಮುಖ ನೋಡುತ್ತಿದ್ದೆ. ಬೆಚ್ಚುತ್ತಾಳೆ, ತಪ್ಪಿಸುತ್ತಾಳೆ, ಗದರುತ್ತಾಳೆ, ಮೂರಕ್ಕೂ ನಾನು ತಯಾರಿದ್ದೆ. ಅವಳು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳುವವಳ ಹಾಗೆ ತೊಲೆ ನೋಡಿದಳು.

"ಯಾವದಬೇ?" ಎಂದಳು. "ಗೌರೀಶನ ಸಲದ್ದೋ, ಅವರಕ್ಕನ ಸಲದ್ದೋ? ಇಲ್ಲಾ ನಮ್ಮ ಮೈದುನನ ಹುಡುಗೂರದೋ?"

ಬೇರೆ ಕೂಸುಗಳೂ ಸತ್ತದ್ದು ದಾದಿಗೂ ಗೊತ್ತಿರಲಿಲ್ಲ. ಒಂದು ಎಂದುಕೊಂಡು ಬಂದಿದ್ದಳು.

"ಗೌರೀಶಪ್ಪಂದು ರೀ."

"ಅದೂ ಅಲ್ಲೇ ಐತಿ. ನಾಕೂ ಅಲ್ಲೇ ಅದಾವ. ಹಿತ್ತಲದಾಗ ಬಣವಿ ಬಾಜು, ಲಿಂಬಿ ಗಿಡದ ಕೆಳಗ."

"ನಾಕರೊಳಗ ನಂದು ಯಾವದ್ರಿ?"

"ಅದನ್ನ ನಾ ಹೆಂಗ ಹೇಳಲಿ? ಹುಗದ ಬರಾವ ಮಾಳಿಂಗರಾಯ. ಅವ ಸತ್ತ ಹತ್ತ ವರ್ಷಾತು. ಗುರುತ ಇಟ್ಟಿದ್ನೋ ಇಲ್ಲೋ."

"ಏನ ಮಾತಾಡಾಕತ್ತೀರಿ?" ಎಂದರು ಸರ್. "ಅವ್ವಾ, ಯಾವ ಕೂಸು?"

"ನಿನ್ನ ತೊಟ್ಟಲದ ಮಾತೋ. ನಿನಗ ಏನೂ ಆಗಬಾರದಂತ ಇವಳ ಕೂಸನ್ನ ಮೊದಲ ಮಲಗಿಸಿದ್ವಿ. ಅದು ಹೋತು. ನೀ ಉಳದಿ."

ಎಷ್ಟು ಸರಳವಾಗಿ ಹೇಳಿದಳೆಂದರೆ, ಉಪ್ಪಿನಕಾಯಿಗೆ ಯಾವ ಮಾವು ಹಾಕಿದೆ ಎಂದು ಕೇಳಿದರೂ ಅದೇ ದನಿ ಬರುತ್ತಿತ್ತು. ಕೇಡಿಗಳ ದನಿ ಬೇರೆ ಇರುತ್ತದೆ ಎಂದು ನಾನು ಎಲ್ಲೋ ನಂಬಿದ್ದೆ. ಆ ನಂಬಿಕೆ ಅಲ್ಲಿಯೇ ಹೋಯಿತು.

"ನನಗ ಯಾಕ ಹೇಳಲಿಲ್ಲ?" ಸರ್ ದನಿ ಒಡೆದಿತ್ತು.

"ನೀ ಯಾವಾಗ ಕೇಳಿದಿ? ಇವಳೂ ಕೇಳಿರಲಿಲ್ಲ. ಕೇಳಿದ್ರ ಅವತ್ತ ಹೇಳ್ತಿದ್ನಿ." ಆಮೇಲೆ ದಾದಿಯ ಕಡೆ ತಿರುಗಿ ಸಮಾಧಾನ ಮಾಡುವ ಹಾಗೆ ಹೇಳಿದಳು. "ಎಲ್ಲಾ ಸಾಯತಿರಲಿಲ್ಲ ಬಿಡ. ಬದುಕಿದವೂ ಇದ್ದವು. ಬದುಕಿದ್ರ ಅದರ ತಾಯಿಗೆ ಬೆಳ್ಳಿ ಕಡಗ ಹಾಕತಿದ್ವಿ. ನನ್ನ ಅತ್ತಿ ಮಾಡಿದ್ರು, ನಾ ಮಾಡಿದೆ. ಆಮ್ಯಾಲ ದವಾಖಾನಿ ಬಂದವು, ಬಿಟ್ವಿ."

"ಉಳದ ಮೂರು ಯಾರವ್ರಿ?" ಎಂದು ಕೇಳಿದಳು ದಾದಿ.

"ಹೆಸರ ಯಾರು ಇಟಗೊಂಡಾರ? ಒಂದು ಮೈಮುನಬಿದು ಅನಸತೈತಿ."

ಮೈಮುನಬಿ ನಮ್ಮ ಮಗ್ಗುಲ ಮನೆಯ ಅಜ್ಜಿ. ಎರಡು ವರ್ಷದ ಹಿಂದೆ ತೀರಿಹೋದಳು. ಖಬರಸ್ತಾನದ ಗೋಡೆಯ ಬಾಜು ಪ್ರತಿ ವರ್ಷ ದಾದಿಯ ಪಕ್ಕದಲ್ಲಿ ನಿಂತು ಓದುತ್ತಿದ್ದವಳು ಅವಳೇ. ಇಬ್ಬರೂ ಮೂವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಒಂದೇ ಕೌದಿಯ ಎರಡು ತುದಿ ಹಿಡಿದು ಹೊಲಿದರು. ಇವಳು ಅವಳಿಗೆ ಹೇಳಿರಲಿಲ್ಲ, ಅವಳು ಇವಳಿಗೆ ಹೇಳಿರಲಿಲ್ಲ. ಈಗಲೂ ಬರೆಯುವಾಗ ನನಗೆ ತಡೆಯಲಾಗದೆ ಇರುವುದು ಇದೊಂದೇ. ಆಗ ಅಲ್ಲಿ ಕೂತಾಗ ಇದೂ ಮುಟ್ಟಲಿಲ್ಲ.

ದಾದಿ ನೆಲಕ್ಕೆ ಕೈಯೂರಿ ಎದ್ದಳು. "ಹಿತ್ತಲಕ್ಕ ಹೋಗಿ ಬರಲೇನ್ರಿ?" ಎಂದು ಅನುಮತಿ ಕೇಳಿದಳು. "ಹೋಗವಾ, ಅದಕ್ಕೇನ ಕೇಳೂದು," ಎಂದಳು ಶಿವಗಂಗವ್ವ.

ಹಿತ್ತಲಲ್ಲಿ ಮೇವಿನ ಬಣವೆ, ಅದರ ಬಾಜು ಒಂದು ಹಳೆಯ ಲಿಂಬೆಗಿಡ. ಕೆಳಗೆ ಸಗಣಿಯ ಬುಟ್ಟಿ, ಒಂದು ಮುರಿದ ಸೈಕಲ್ಲು ಒರಗಿಸಿದ್ದರು. ನೆಲ ಎಲ್ಲ ಕಡೆಯೂ ಒಂದೇ ಥರ ಇತ್ತು, ತಗ್ಗಿಲ್ಲ, ದಿನ್ನೆಯಿಲ್ಲ. ದಾದಿ ಚಪ್ಪಲಿ ಬಿಟ್ಟು ನಿಂತಳು. ನಾನು ಸೈಕಲ್ಲನ್ನು ಎತ್ತಿ ಗೋಡೆಗೆ ಇಟ್ಟೆ. ಅವಳು ಎರಡೂ ಅಂಗೈ ಎತ್ತಿ ಓದತೊಡಗಿದಳು. ಮುಗಿಸಿ ಅಂಗೈಯನ್ನು ಮುಖಕ್ಕೆ ಸವರಿಕೊಂಡಳು. ಒಂದು ಹೆಜ್ಜೆ ಸರಿದು ಮತ್ತೆ ಕೈ ಎತ್ತಿದಳು. ಮತ್ತೆ ಸರಿದಳು. ನನ್ನ ಅರಿವಿಲ್ಲದೆ ಎಣಿಸುತ್ತಿದ್ದೆ.

ಸರ್ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ನಿಂತಿದ್ದರು, ಮುಂದೆ ಬರಲಿಲ್ಲ. ಅವರ ಹಿಂದೆ ಪ್ರತಾಪ, ಟೇಪು ಇನ್ನೂ ಕೈಯಲ್ಲಿಯೇ ಇತ್ತು. ಸರ್ ಅಳುತ್ತಿದ್ದರು. ಅವರು ಅಳುವುದು ನಿಜವಾದ ಅಳು ಎಂದು ನನಗೆ ಗೊತ್ತಿತ್ತು. ಆದರೂ ಆ ಹೊತ್ತಿನಲ್ಲಿ ನನಗೆ ಅವರನ್ನು ಸಮಾಧಾನ ಮಾಡುವ ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ. ದಾದಿ ಮೂರನೆಯದು ಓದುತ್ತಿದ್ದಾಗ ಅವರು ನನ್ನನ್ನು ಕೈ ಮಾಡಿ ಕರೆದರು.

"ನಿಲೋಫರ," ಎಂದರು, ಕಣ್ಣು ಒರೆಸಿಕೊಂಡು. "ಶಿಬಿರ ಇಲ್ಲಿ ಬ್ಯಾಡ ಅನಸತೈತಿ. ಧಾರವಾಡದಾಗ ಯಾವದರೆ ಒಂದ ಹಾಲ್ ನೋಡು. ಮತ್ತ ಈ ಸುದ್ದಿ ಸದ್ಯಾಕ ಬ್ಯಾಡ. ಅವ್ವಗ ವಯಸ್ಸಾಗೈತಿ."

"ಆತ್ರಿ ಸರ್," ಎಂದೆ.

ಕಹಿ ಇತಿಹಾಸವನ್ನು ಕಣ್ಣಿಟ್ಟು ನೋಡಲು ಅದು ಇಲ್ಲದ ಜಾಗ ಹುಡುಕಬೇಕಾಗಿದೆ, ಅಷ್ಟೇ. ಅದನ್ನೂ ನಾನೇ ಹುಡುಕಬೇಕು.

ಕಾರಿನಲ್ಲಿ ಬಿಡುತ್ತೇನೆ ಎಂದರು. ದಾದಿ ಒಲ್ಲೆ ಎಂದಳು. ಊರ ಮುಂದಿನ ಸ್ಟಾಪಿನಲ್ಲಿ ಮುಕ್ಕಾಲು ತಾಸು ನಿಂತು ಕಲಘಟಗಿಯ ಬಸ್ಸು ಹಿಡಿದೆವು. ಶನಿವಾರದ ಬಸ್ಸು, ಕೂಡಲು ಜಾಗ ಒಂದೇ ಸಿಕ್ಕಿತು. ದಾದಿಯನ್ನು ಕೂಡಿಸಿ ನಾನು ಬಾಜು ನಿಂತೆ. ಮೊಬೈಲಿಗೆ ಪ್ರತಾಪನ ಸಂದೇಶ ಬಂದಿತ್ತು. 'ಸರ್ ಏನೂ ಮಾತಾಡವಲ್ರು. ಶಾಲು ಕ್ಯಾನ್ಸಲ್ ಮಾಡಲೇನ್ರಿ ಮೇಡಂ?' ಮಾಡ್ರಿ ಎಂದು ಕಳಿಸಿದೆ.

ದಾದಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮುಖದಲ್ಲಿ ನೆಮ್ಮದಿಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಐವತ್ತು ವರ್ಷ ಕಾದವಳ ಮುಖ ಹೀಗಿರುತ್ತದೆಯೇ ಎಂದು ನೋಡಿದೆ. ನನ್ನ ಮುಖವೂ ಹಾಗೆಯೇ ಇದ್ದಿರಬೇಕು. ಏನಾದರೂ ಮಾತಾಡಬೇಕು ಎನ್ನಿಸಿತು.

"ದಾದಿ, ನಾಕು ಸಲ ಓದಿದ್ಯಲ್ಲ."

"ಹೂಂ. ಒಂದೊಂದಕ್ಕ ಒಂದೊಂದ ಸಲ."

"ಮೂರು ನಮ್ಮವಲ್ಲಲ್ಲ."

ಅವಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

"ಯಾವ ಮೂರು ಹೇಳು," ಎಂದಳು. "ಬಿಡ್ತೇನಿ."